ಮೇಲ್ಮನೆ ಅಂಕಲ್ ಬಾಯಿಯ ಬಿಳಿ ಕಲೆ

ಹೋದ ಭಾನುವಾರ ಪೀತಮ್‌ಪುರದಿಂದ ನಮ್ಮ ಹಳೆಯ ಮೇಲ್ಮನೆಯ ಆಂಟಿ ಅಳಿಯನ ಕೈಯಲ್ಲಿ ಒಂದು ಚೀಲ ಕಳಿಸಿದ್ದರು. ಮಗಳ ಮನೆಗೆ ಸುಣ್ಣಬಣ್ಣ ಮಾಡಿಸುತ್ತಿದ್ದಾರಂತೆ, ಅಟ್ಟದ ಮೇಲಿದ್ದ ಹಳೆಯ ಸಾಮಾನುಗಳನ್ನೆಲ್ಲ ಇಳಿಸಿ ಗೊತ್ತಿದ್ದವರಿಗೆ ಹಂಚುತ್ತಿದ್ದಾರೆ. ನನ್ನ ಪಾಲಿಗೆ ಬಂದದ್ದು ಒಂದು ಹಳೆಯ ನಿಘಂಟು, ಒಂದು ಸ್ಟೇಪ್ಲರ್ ಮತ್ತು ಹಿತ್ತಾಳೆಯ ಎಲೆಅಡಿಕೆ ಡಬ್ಬಿ. ಡಬ್ಬಿಯ ಮುಚ್ಚಳ ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆದೆ. ಒಳಗೆ ಏನೂ ಇರಲಿಲ್ಲ, ಆದರೆ ಕಡ್ಡಿಪುಡಿಯ ಘಾಟು ಮಾತ್ರ ಹನ್ನೆರಡು ವರ್ಷವಾದರೂ ಜಾಗ ಖಾಲಿ ಮಾಡಿರಲಿಲ್ಲ. ಸುಣ್ಣ, ಲವಂಗ, ಹೊಗೆಸೊಪ್ಪು ಮೂರೂ ಕಲೆತ ವಾಸನೆ. ಮೂಗಿಗೆ ಬಡಿದ ಕೂಡಲೇ ಮೇಲ್ಮನೆ ಅಂಕಲ್ ಎದುರಿಗೆ ಬಂದು ನಿಂತ ಹಾಗಾಯಿತು. ಅವರ ಹಿಂದೆಯೇ ಅವರ ಮೇಲಿನ ಸಿಟ್ಟೂ ಬಂತು.

ಆಗ ನಾವು ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೆವು. ಕೆಳಗೆ ನಾವು, ಮೇಲೆ ಅವರು. ಅಪ್ಪ ಒಂದು ಸಚಿವಾಲಯದಲ್ಲಿ ಗುಮಾಸ್ತರು, ಅಂಕಲ್ ಇನ್ನೊಂದರಲ್ಲಿ ಸೆಕ್ಷನ್ ಆಫೀಸರ್. ಅವರು ಹಾಸನದ ಕಡೆಯವರು. ಇಪ್ಪತ್ತೈದಕ್ಕೂ ಹೆಚ್ಚು ವರ್ಷ ದೆಹಲಿಯಲ್ಲಿದ್ದರೂ ಬೆಳಗಿನ ಕಾಫಿ ಮತ್ತು ಊಟವಾದ ಮೇಲಿನ ಎಲೆಅಡಿಕೆ ಎರಡನ್ನೂ ಬಿಟ್ಟವರಲ್ಲ. ಕಾಲೋನಿಯ ಕನ್ನಡದ ಮನೆಗಳಲ್ಲಿ ಯಾರು ಊರಿಗೆ ಹೊರಟರೂ ಅವರಿಗೆ ಒಂದು ಚೀಟಿ ಸಿಗುತ್ತಿತ್ತು. ಚೀಟಿಯಲ್ಲಿ ಕಾಫಿಪುಡಿ ಅರ್ಧ ಕೇಜಿ, ಎಲೆಗೆ ಹಾಕುವ ಹೊಗೆಸೊಪ್ಪಿನ ಕಡ್ಡಿಪುಡಿ ಆರು ಪೊಟ್ಟಣ. ಒಂದು ಬೇಸಿಗೆ ರಜೆಯಲ್ಲಿ ನಾನೇ ತಂದುಕೊಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಕಾಲೋನಿಯ ಅರ್ಜಿಗಳೆಲ್ಲ ಅಂಕಲ್ ಕೈದಾಟಿಯೇ ಹೋಗುತ್ತಿದ್ದವು. ಅಪ್ಪನ ರಜೆ ಅರ್ಜಿ, ಪಕ್ಕದ ಬ್ಲಾಕಿನ ಪಂಜಾಬಿ ಆಂಟಿಯ ಪಿಂಚಣಿ ಕಾಗದ, ನಾನು ಜ್ವರ ಬಂದು ಮಲಗಿದಾಗ ಶಾಲೆಗೆ ಬರೆದ ಪತ್ರ ಕೂಡ. ನನ್ನ ಪತ್ರದಲ್ಲಿ "ವಿಷಯ" ಎಂಬ ಸಾಲೇ ಇಲ್ಲವೆಂದು ಮೂರು ಸಲ ಬರೆಸಿದ್ದರು. ಹನ್ನೆರಡನೇ ಕ್ಲಾಸಿನಲ್ಲಿ ನನಗೆ ಅಂಥ ಹೇಳಿಕೊಳ್ಳುವ ಅಂಕ ಬರದೆ ಮನೆಯಲ್ಲಿ ಎಲ್ಲರೂ ಮುಖ ಊದಿಸಿಕೊಂಡಿದ್ದಾಗ, ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಫಾರಂ ತಂದು, ತಾವೇ ತುಂಬಿ, ನನ್ನ ಸಹಿ ಹಾಕಿಸಿಕೊಂಡು ಹೋಗಿ ಕೊಟ್ಟು ಬಂದವರು ಅವರೇ. ಇವತ್ತು ನಾನು ತಿನ್ನುತ್ತಿರುವ ಅನ್ನ ಅವರು ಹಾಕಿದ ದಾರಿಯಿಂದ ಬಂದದ್ದು. ಅದಕ್ಕೇ ಅವರ ಮೇಲೆ ಇಷ್ಟು ಸಿಟ್ಟು.

ಅವರಿಗೊಂದು ರೋಗವಿತ್ತು, ಕ್ಯಾನ್ಸರ್‌ಗಿಂತ ಮೊದಲೇ. ಯಾರಾದರೂ ಏನಾದರೂ ಹೇಳಿದರೆ, ಹೇಳಿದ್ದು ಏನು ಎಂದು ನೋಡುತ್ತಿರಲಿಲ್ಲ, ಹೇಳಿದವರ ಹುದ್ದೆ ಯಾವುದು ಎಂದು ನೋಡುತ್ತಿದ್ದರು. ಅಂಡರ್ ಸೆಕ್ರೆಟರಿ ಮಳೆ ಬರುತ್ತದೆ ಎಂದರೆ ಬಿಸಿಲಿನಲ್ಲೂ ಕೊಡೆ ಹಿಡಿಯುವ ಜನ. ಮೂವತ್ತು ವರ್ಷ ಫೈಲು ನೋಡಿದವರಿಗೆ ಅದು ತಪ್ಪಾಗಿ ಕಾಣುತ್ತಿರಲಿಲ್ಲ. ಕೆಳಗಿನವರು ಬರೆದದ್ದಕ್ಕೆ ಮೇಲಿನವರ ಸಹಿ ಬೀಳುವವರೆಗೆ ಅದು ಬರೀ ಕಾಗದ.

ಕೋರ್ಸು ಮುಗಿಸಿ ನಾನು ಒಂದು ಖಾಸಗಿ ಲ್ಯಾಬ್ ಸೇರಿ ಮೂರು ವರ್ಷವಾಗಿತ್ತು. ರೋಗಿಗಳ ದೇಹದಿಂದ ತೆಗೆದ ಚೂರುಗಳು ನಮ್ಮಲ್ಲಿಗೆ ಬರುತ್ತವೆ. ಅವನ್ನು ಮೇಣದಲ್ಲಿ ಹೂತು, ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕತ್ತರಿಸಿ, ಗಾಜಿನ ಮೇಲೆ ಕೂರಿಸಿ, ಗುಲಾಬಿ ಮತ್ತು ನೇರಳೆ ಬಣ್ಣ ಹಾಕಿ ಡಾಕ್ಟರ್ ಮೇಡಂ ಮೇಜಿಗೆ ತಲುಪಿಸುವುದು ನನ್ನ ಕೆಲಸ. ಏನು ರೋಗ ಎಂದು ಹೇಳುವ ಅಧಿಕಾರ ಅವರದು, ನನ್ನದಲ್ಲ. ಆದರೆ ದಿನಕ್ಕೆ ಐವತ್ತು ಗಾಜು ಕೈದಾಟಿದ ಮೇಲೆ ಕಣ್ಣಿಗೆ ಕಂಡದ್ದನ್ನು ಕಾಣಲಿಲ್ಲ ಎನ್ನಲಾಗುತ್ತದೆಯೇ.

ಒಂದು ಶನಿವಾರ ಅಂಕಲ್ ನಮ್ಮ ಮನೆಯಲ್ಲಿ ಬಿಸಿಬೇಳೆಬಾತ್ ತಿನ್ನುತ್ತಿದ್ದರು. ಎರಡನೇ ತುತ್ತಿಗೇ ಕೆನ್ನೆ ಹಿಡಿದುಕೊಂಡರು. ಅಮ್ಮನ ಸಾರಿನ ಪುಡಿಯ ಖಾರವನ್ನು ಹೊಗಳಿ ಹೊಗಳಿ ತಿನ್ನುತ್ತಿದ್ದ ಮನುಷ್ಯ. ನನಗೆ ಯಾಕೋ ಅನುಮಾನ ಬಂತು. ಕೈತೊಳೆದ ಮೇಲೆ ಟಾರ್ಚ್ ಹಿಡಿದು ಬಾಯಿ ತೆರೆಸಿದೆ. ಎಡಗೆನ್ನೆಯ ಒಳಗೆ, ಅವರು ಎಲೆಯ ಉಂಡೆ ಒತ್ತರಿಸಿಕೊಳ್ಳುತ್ತಿದ್ದ ಜಾಗದಲ್ಲೇ, ಹುಣಸೆಬೀಜದಷ್ಟು ಬಿಳಿ ಕಲೆ. ಹತ್ತಿಬಟ್ಟೆಯಿಂದ ಉಜ್ಜಿದೆ, ಹೋಗಲಿಲ್ಲ. ಉಜ್ಜಿದರೆ ಹೋಗುವಂಥದ್ದಾಗಿದ್ದರೆ ನನಗೆ ಭಯವಾಗುತ್ತಿರಲಿಲ್ಲ.

"ಅಂಕಲ್, ಇದನ್ನ ಚೂರು ತೆಗೆದು ಟೆಸ್ಟ್ ಮಾಡಿಸ್ಬೇಕು. ಈ ವಾರಾನೇ."

"ಯಾವ ಡಾಕ್ಟರ್ ಹೇಳಿದ್ರು?"

"ನಾನೇ ಹೇಳ್ತಿದೀನಲ್ಲ."

"ಅಚ್ಛಾ... ನೀನು ಟೆಕ್ನಿಷಿಯನ್ ಅಲ್ವೇನಮ್ಮ?" ಎಂದರು. ಕೊಂಕಿನಿಂದಲ್ಲ, ಬಹಳ ಪ್ರೀತಿಯಿಂದ. ಮಗುವಿಗೆ ಅದರ ತರಗತಿ ನೆನಪಿಸುವ ಹಾಗೆ. ಕೊಂಕಿನಿಂದ ಹೇಳಿದ್ದರೆ ಜಗಳವಾಡಬಹುದಿತ್ತು.

ಬಿಡಲಿಲ್ಲ ನಾನು. ಮರುದಿನ ಮೇಲೆ ಹೋಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದೆ. ಬಾಯಿಯ ಒಳಚರ್ಮದಲ್ಲಿ ಜೀವಕೋಶಗಳು ಸಾಲುಸಾಲಾಗಿ ಇರುತ್ತವೆ. ಕೆಳಸಾಲಿನವು ಒಡೆದು ಎರಡಾಗುತ್ತವೆ, ಹೊಸವು ಮೇಲೇರುತ್ತವೆ, ಹಳೆಯವು ಉದುರುತ್ತವೆ. ಸುಣ್ಣ ಮತ್ತು ಹೊಗೆಸೊಪ್ಪು ದಿನಾ ಸುಡುತ್ತಿದ್ದರೆ ಗಾಯ ತುಂಬಲು ಅವು ಅವಸರದಲ್ಲಿ ಒಡೆಯಬೇಕಾಗುತ್ತದೆ. ಹೊಗೆಸೊಪ್ಪಿನ ವಿಷ ಕೋಶದೊಳಗಿನ ಬರಹವನ್ನೇ ಕೆಡಿಸುತ್ತದೆ. ಕೆಟ್ಟ ಕೋಶಗಳಲ್ಲಿ ಬಹಳಷ್ಟು ತಾವೇ ಸಾಯುತ್ತವೆ. ಎಲ್ಲೋ ಒಂದು ಸಾಯುವುದಿಲ್ಲ. ಸಾಕು, ನಿಲ್ಲಿಸು ಎಂಬ ಆಜ್ಞೆ ಅದಕ್ಕೆ ಕೇಳಿಸುವುದಿಲ್ಲ, ಅದರ ಮಕ್ಕಳಿಗೂ ಕೇಳಿಸುವುದಿಲ್ಲ. ಹೀಗೆ ವರ್ಷಗಟ್ಟಲೆ ತಪ್ಪಿನ ಮೇಲೆ ತಪ್ಪು ಸೇರುತ್ತದೆ. ಆದರೆ ಅವುಗಳ ಕೆಳಗೆ ಒಂದು ತೆಳ್ಳನೆಯ ಪೊರೆ ಇದೆ. ಅದನ್ನು ದಾಟುವ ತನಕ ಅವು ಎಲ್ಲಿಗೂ ಹೋಗಲಾರವು. ಆಗ ಆ ಜಾಗವನ್ನು ಕತ್ತರಿಸಿ ತೆಗೆದರೆ ಬಹುಮಟ್ಟಿಗೆ ಕಥೆ ಮುಗಿಯಿತು. ಪೊರೆ ಹರಿದರೆ ಮಾತ್ರ ಅಲ್ಲಿಂದ ಕತ್ತಿನ ದುಗ್ಧರಸದ ಗಂಟುಗಳಿಗೆ, ಮುಂದೆ ರಕ್ತದ ಮೂಲಕ ಶ್ವಾಸಕೋಶಕ್ಕೆ ದಾರಿ ತೆರೆದ ಹಾಗೆ.

ಅಂಕಲ್ ಪೂರ್ತಿ ಕೇಳಿದರು. ಚಿತ್ರವನ್ನು ದೂರ ಹಿಡಿದು ನೋಡಿದರು. ಕೊನೆಗೆ, ಚಿತ್ರಕ್ಕೆ ಶೀರ್ಷಿಕೆ ಇಲ್ಲವಲ್ಲ ಎಂದರು.

ಗುಟ್ಕಾ ತಿನ್ನುವವರಿಗೆ ಬರುವ ರೋಗ ಅದು, ತಮ್ಮದು ಊರಿನ ಶುದ್ಧ ಎಲೆಅಡಿಕೆ ಎಂಬುದು ಅವರ ಇನ್ನೊಂದು ವಾದ. ಬಸ್ ಸ್ಟಾಪಿನ ಅಂಗಡಿಯಲ್ಲಿ ತೋರಣದ ಹಾಗೆ ನೇತಾಡುವ ಗುಟ್ಕಾ ಪೊಟ್ಟಣ ಕಂಡರೆ ಅಂಗಡಿಯ ಭಯ್ಯಾಗೆ ನಿಂತು ಉಪದೇಶ ಮಾಡುತ್ತಿದ್ದರು, ತಮ್ಮ ಎಡಗೆನ್ನೆಯಲ್ಲಿ ಕಡ್ಡಿಪುಡಿ ಇಟ್ಟುಕೊಂಡೇ! ಅಂಕಲ್, ಬಾಯಿಗೆ ಗೊತ್ತಾಗುವುದು ಹೊಗೆಸೊಪ್ಪು, ಅದರ ಊರಲ್ಲ ಎಂದು ನಾನು ಹೇಳಿದೆ. ನಕ್ಕರು.

ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರೂ ತಕ್ಷಣ ಚೂರು ತೆಗೆಸಿ ಎಂದರು. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಅಂಕಲ್, ಅವರು ಹಲ್ಲಿನವರು, ಇದು ಕೆನ್ನೆ, ಅವರ ವಿಭಾಗಕ್ಕೆ ಬರುವುದಿಲ್ಲ ಎಂದು ತೀರ್ಮಾನ ಕೊಟ್ಟರು. ಆ ಮೆಟ್ಟಿಲಿನ ಮೇಲೆ ಕೂತು ತಲೆ ಚಚ್ಚಿಕೊಳ್ಳೋಣ ಅನ್ನಿಸಿತ್ತು ನನಗೆ.

ಇಷ್ಟರಲ್ಲಿ ಒಬ್ಬ ಜಾಯಿಂಟ್ ಸೆಕ್ರೆಟರಿ ನಡುವೆ ಬಂದರು. ನಿವೃತ್ತರು. ಬೆಳಗಿನ ವಾಕಿಂಗ್‌ನಲ್ಲಿ ಅಂಕಲ್‌ಗೆ ಪರಿಚಯವಾದವರು. ನಡೆಯುವಾಗಲೂ ಅಂಕಲ್ ಅವರಿಗಿಂತ ಅರ್ಧ ಹೆಜ್ಜೆ ಹಿಂದೆಯೇ ಇರುತ್ತಿದ್ದರು. ಅವರು ಹೇಳಿದರಂತೆ: ಅಪ್ಪಿತಪ್ಪಿಯೂ ಚುಚ್ಚಿಸಬೇಡಿ, ಕತ್ತಿ ತಾಗಿದರೆ ಹರಡಿಬಿಡುತ್ತದೆ. ತಮ್ಮ ಭಾವಮೈದುನ ಆರಾಮಾಗಿದ್ದನಂತೆ, ಚೂರು ತೆಗೆಸಿದ ಮೂರೇ ತಿಂಗಳಲ್ಲಿ ಹೋಗಿಬಿಟ್ಟನಂತೆ. ಅರಿಶಿನ ತುಪ್ಪ ಕಲಸಿ ಹಚ್ಚಿ ಎಂದರಂತೆ.

ಆ ಮನುಷ್ಯ ಜೀವಮಾನವೆಲ್ಲ ನೋಡಿದ್ದು ಹಡಗು, ಬಂದರುಗಳ ಫೈಲು. ಅವರ ಭಾವಮೈದುನನಿಗೆ ಚುಚ್ಚುವ ಮೊದಲೇ ಹರಡಿತ್ತು ಅಂಕಲ್, ಹರಡಿದೆ ಎಂದು ಸೂಜಿ ತಿಳಿಸಿತು ಅಷ್ಟೇ ಎಂದೆ. ಮನೆಗೆ ಬೆಂಕಿ ಬಿದ್ದ ಮೇಲೆ ಬಂದ ಬೆಂಕಿ ಆರಿಸುವವರನ್ನು ನೋಡಿ, ಇವರು ಬಂದದ್ದಕ್ಕೇ ಮನೆ ಸುಟ್ಟಿತು ಎಂದ ಹಾಗಾಯಿತಲ್ಲ ಎಂದೆ. ಕೂಗಿಯೇ ಹೇಳಿದೆ. ಕೆಳಗಿದ್ದ ಅಮ್ಮನಿಗೂ ಕೇಳಿಸಿತ್ತು.

"ಜಾಯಿಂಟ್ ಸೆಕ್ರೆಟರಿ ಸುಮ್‌ಸುಮ್ನೆ ಹೇಳ್ತಾರೇನಮ್ಮ?" ಎಂದು ಅಂಕಲ್ ಎದ್ದು ಸ್ನಾನಕ್ಕೆ ಹೋದರು.

ಆಂಟಿ ಬಾಗಿಲವರೆಗೆ ಬಂದು, "ನನ್ ಮಾತು ಯಾವತ್ತು ಕೇಳಿದಾರೆ ಹೇಳು, ನಿನ್ನದು ಕೇಳೋಕೆ" ಎಂದರು. ಅವತ್ತು ನಾನು ಮೆಟ್ಟಿಲಿಳಿದವಳು ಮತ್ತೆ ಹತ್ತಲಿಲ್ಲ. ಬೇಕಾದರೆ ಅರಿಶಿನ ಹಚ್ಚಿಕೊಳ್ಳಲಿ, ಬೇಕಾದರೆ ಹಡಗು ಹತ್ತಲಿ, ನನಗೇನು ಎಂದುಕೊಂಡೆ. ಎದುರಿಗೆ ಸಿಕ್ಕಿದರೆ ನಮಸ್ಕಾರ, ಅಷ್ಟೇ. ಅವರೂ ಟೆಸ್ಟ್ ವಿಷಯ ಎತ್ತಲಿಲ್ಲ. ದಸರೆ ಹೋಯಿತು, ಚಳಿ ಬಂತು, ಚಳಿಯೂ ಹೋಯಿತು... ಎಂಟು ತಿಂಗಳು ಹಾಗೇ ಕಳೆದವು.

ಯುಗಾದಿಯ ದಿನ ಬೇವುಬೆಲ್ಲ ಕೊಡಲು ಅಮ್ಮ ನನ್ನನ್ನೇ ಮೇಲೆ ಕಳಿಸಿದರು. ಅಂಕಲ್ ಒಬ್ಬಟ್ಟನ್ನು ಉಗುರಿನಷ್ಟು ಉಗುರಿನಷ್ಟು ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಆಂಟಿಯ ಕಡೆ ತಿರುಗಿದಾಗ ದವಡೆಯ ಕೆಳಗೆ, ಕತ್ತಿನಲ್ಲಿ, ಗಂಟು ಕಂಡಿತು. ಮುಟ್ಟಿ ನೋಡಿದೆ. ಕಲ್ಲಿನ ಹಾಗಿತ್ತು, ಅಲುಗಲಿಲ್ಲ.

"ನೋವೇ ಇಲ್ಲ ಕಣಮ್ಮ. ಅದಕ್ಕೇ ಸುಮ್ನಿದ್ದೆ" ಎಂದರು.

ನೋವಿಲ್ಲ! ಎಷ್ಟು ಜನರ ಬಾಯಲ್ಲಿ ಈ ಮಾತು ಕೇಳಿದ್ದೇನೋ. ನೋವಿದ್ದಿದ್ದರೆ ಎಂದೋ ಬರುತ್ತಿದ್ದರು. ಈ ಹಾಳು ರೋಗಕ್ಕೆ ಸದ್ದು ಮಾಡದೆ ಬೆಳೆಯುವುದು ಚೆನ್ನಾಗಿ ಗೊತ್ತು.

ಅವತ್ತೇ ಮಧ್ಯಾಹ್ನ ನಮ್ಮ ಮೇಡಂಗೆ ಫೋನ್ ಮಾಡಿದೆ. ಅವರು ದೆಹಲಿಯವರೇ, ದೊಡ್ಡ ಓದು ಓದಿದವರು, ಲ್ಯಾಬಿನ ಡೈರೆಕ್ಟರ್. ಸಂಜೆ ತಮ್ಮ ಮನೆಗೆ ಹೋಗುವ ದಾರಿಯಲ್ಲಿ ಇಳಿದು ಬಂದರು. ಡೈರೆಕ್ಟರ್ ಎಂದು ಕೇಳಿದ ಕೂಡಲೇ ಅಂಕಲ್ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಎದ್ದು ನಿಂತರು. ಮೇಡಂ, ಅಂಕಲ್ ಮಾಡುವ ಕೆಲಸವೇನು ಎಂದು ಕೇಳಿ ತಿಳಿದುಕೊಂಡು, ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ತಪ್ಪಾದ ಕಾಗದ ಸೆಕ್ಷನ್ನಿನೊಳಗೇ ಇರುವ ತನಕ ಹರಿದು ಹಾಕಬಹುದು. ಈ ಕತ್ತಿನ ಗಂಟು ಕಾಗದ ಹೊರಗೆ ಕಳಿಸುವ ಮೇಜು ಇದ್ದ ಹಾಗೆ. ಕಾಗದ ಅಲ್ಲಿಗೆ ಬಂದಿದೆ. ಅಲ್ಲಿಂದ ಮುಂದೆ ಎಲ್ಲೆಲ್ಲಿಗೆ ಹೋಗಿದೆಯೋ, ಹೋಗಿಲ್ಲವೋ, ಬೇಗ ನೋಡಬೇಕು.

ಅಂಕಲ್ ಕತ್ತಿನ ಗಂಟನ್ನು ತಾವೇ ಮುಟ್ಟಿ ನೋಡಿಕೊಂಡರು.

"ಮತ್ಲಬ್... ಡಿಸ್ಪ್ಯಾಚ್ ಹೋ ಗಯಾ" ಎಂದರು. ಅಂದರೆ, ಕಾಗದ ಹೊರಟುಹೋಗಿದೆ ಎಂದು.

ಅವತ್ತೇ ಟೆಸ್ಟಿಗೆ ಒಪ್ಪಿದರು. ಹತ್ತು ನಿಮಿಷ ಹಿಡಿಯಲಿಲ್ಲ! ಎಂಟು ತಿಂಗಳ ಹಿಂದೆ ನಾನು ಹೇಳಿದ್ದೂ ಇದೇ, ಈಗ ಮೇಡಂ ಹೇಳಿದ್ದೂ ಇದೇ. ಅಂಕಲ್‌ರನ್ನು ಹಿಡಿದು ಅಲುಗಾಡಿಸಿಬಿಡಬೇಕು ಅನ್ನಿಸಿತು.

ಮೇಡಂರನ್ನು ಕಾರಿನವರೆಗೆ ಬಿಟ್ಟು ಬರಲು ಹೋದೆ. ಕಾರಿನ ಬಾಗಿಲು ತೆಗೆಯುತ್ತ ಅವರು, ಮೊದಲೇ ಯಾಕೆ ನನಗೆ ಹೇಳಲಿಲ್ಲ ಎಂದು ಕೇಳಿದರು. ಉತ್ತರ ಇತ್ತು, ಆದರೆ ಹೇಳುವಂಥದ್ದಾಗಿರಲಿಲ್ಲ. ಮೇಡಂ ಕೋಣೆ ನನ್ನ ಮೇಜಿನಿಂದ ಹನ್ನೆರಡು ಹೆಜ್ಜೆ. ಅಂಕಲ್ ಎಂಥವರು ಎಂದು ನನಗೆ ಹುಟ್ಟಿದಾಗಿನಿಂದ ಗೊತ್ತು. ದೊಡ್ಡ ಹುದ್ದೆಯವರ ಬಾಯಿಂದ ಬಂದರೆ ಕೇಳುತ್ತಾರೆ ಎಂದು ಕಾಲೋನಿಯ ಬೆಕ್ಕಿಗೂ ಗೊತ್ತಿತ್ತು. ಆದರೂ ನಾನು ಕರೆಯಲಿಲ್ಲ. ನನಗೆ ಅವರು ನನ್ನ ಮಾತನ್ನೇ ಕೇಳಬೇಕಿತ್ತು. ನನ್ನನ್ನು ಓದಿಸಿದವರು, ನನ್ನ ಓದನ್ನು ಒಪ್ಪಬೇಕಿತ್ತು. ಅವರಿಗೆ ಹುದ್ದೆಯ ಹುಚ್ಚು ಎಂದು ಎಂಟು ತಿಂಗಳು ಬೈದುಕೊಂಡು ಓಡಾಡಿದೆನಲ್ಲ, ನನ್ನದು ಇನ್ನೇನು...

ಅವರ ಬಾಯಿಯ ಚೂರು ನಮ್ಮ ಲ್ಯಾಬಿಗೇ ಬಂತು. ಡಬ್ಬಿಯ ಮೇಲೆ ನಂಬರ್ ಮಾತ್ರ ಇರುತ್ತದೆ, ಆದರೆ ಆ ನಂಬರ್ ನನಗೆ ಗೊತ್ತಿತ್ತು. ಮೇಣದಲ್ಲಿ ಹೂತೆ, ಕತ್ತರಿಸಿದೆ, ಬಣ್ಣ ಹಾಕಿದೆ. ಮೇಡಂಗೆ ಕೊಡುವ ಮುಂಚೆ ನಾನೂ ನೋಡಿದೆ. ಕೆಳಸಾಲಿನ ಪೊರೆ ಹರಿದುಹೋಗಿತ್ತು. ನೇರಳೆ ಬಣ್ಣದ ಕೋಶಗಳು ಗುಂಪುಗುಂಪಾಗಿ ಆಳಕ್ಕೆ ಇಳಿದಿದ್ದವು, ಒಂದೊಂದರ ಆಕಾರವೂ ಒಂದೊಂದು ಥರ. ಎಂಟು ತಿಂಗಳ ಹಿಂದೆ ಹೇಗಿತ್ತೋ, ಆ ಪೊರೆ ಆಗ ನೆಟ್ಟಗಿತ್ತೋ ಏನೋ, ಈಗ ಯಾರೂ ಹೇಳಲಾರರು. ನಾನು ಮಾತ್ರ ಇತ್ತು ಎಂದೇ ನಂಬಿದ್ದೇನೆ.

ಆಪರೇಷನ್ ಆಯಿತು, ಎಡದವಡೆ ತೆಗೆದರು, ಕತ್ತಿನ ಗಂಟುಗಳನ್ನು ತೆಗೆದರು, ಆಮೇಲೆ ರೇಡಿಯೇಷನ್. ಆಂಟಿ ಒಮ್ಮೆ ನನ್ನನ್ನು ಅಡುಗೆಮನೆಗೆ ಕರೆದು, "ಇದು ನಮಗೂ ಅಂಟುತ್ತಾ?" ಎಂದು ಪಿಸುಗುಟ್ಟಿದರು. ನೋಡಿದರೆ ಅಂಕಲ್ ಲೋಟ, ತಟ್ಟೆ ಬೇರೆ ಮೂಲೆಯಲ್ಲಿ! ಅವರ ದೇಹದ ಕೋಶ ಅವರ ದೇಹದೊಳಗೇ ಓಡಾಡುತ್ತದೆ ಆಂಟಿ, ಲೋಟ ಹತ್ತಿ ನಿಮ್ಮ ಹತ್ತಿರ ಬರುವುದಿಲ್ಲ ಎಂದು ರೇಗಿ, ಲೋಟ ತಟ್ಟೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದೆ. ಅಂಕಲ್ ಅಷ್ಟು ದಿನ ಅದನ್ನು ನೋಡಿಯೂ ಏನೂ ಅಂದಿರಲಿಲ್ಲ. ಅವರಿಗೂ ಅದೇ ಭಯವಿತ್ತೋ ಏನೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

ಆರು ತಿಂಗಳ ಮೇಲೆ ಕೆಮ್ಮು ಶುರುವಾಯಿತು. ಸ್ಕ್ಯಾನ್‌ನಲ್ಲಿ ಎರಡೂ ಶ್ವಾಸಕೋಶದಲ್ಲಿ ಸಣ್ಣಸಣ್ಣ ಗಂಟು ಕಂಡವು. ಇದೊಂದು ಹೊಸ ರೋಗವೇ ಎಂದು ಆಂಟಿ ಕೇಳಿದರು. ಅಲ್ಲ, ಅದೇ ಕೆನ್ನೆಯ ಕೋಶಗಳು, ರಕ್ತದಲ್ಲಿ ತೇಲಿ ಹೋಗಿ ಅಲ್ಲಿ ಮನೆ ಮಾಡಿವೆ ಎಂದು ನಾನು ಹೇಳಬೇಕಾಯಿತು. ಅಂಕಲ್‌ಗೆ ಆಗ ಮಾತು ಹೊರಡುತ್ತಿರಲಿಲ್ಲ. ಆಸ್ಪತ್ರೆಯ ಮಂಚದ ಪಕ್ಕ ಒಂದು ಪ್ಯಾಡ್ ಇತ್ತು, ಹೇಳಬೇಕಾದ್ದನ್ನು ಅದರಲ್ಲಿ ಬರೆಯುತ್ತಿದ್ದರು. ಒಂದು ಮಧ್ಯಾಹ್ನ ನಾನು ಕೂತಿದ್ದಾಗ ಬಹಳ ಹೊತ್ತು ತೆಗೆದುಕೊಂಡು ಬರೆದು ನನ್ನ ಕಡೆ ನೂಕಿದರು.

"ಮೊದಲು ಹೇಳಿದವಳು ನೀನು. ದಾಖಲಾಗಿರಲಿ." ಕೆಳಗೆ ಸಹಿ, ತಾರೀಕು.

ನನಗೆ ಬೇಕಾಗಿದ್ದದ್ದು ಅದೇ. ಸಿಕ್ಕಿತು. ವಾರ್ಡಿನಲ್ಲಿ ಜನವಿದ್ದಾರೆ ಎನ್ನುವುದನ್ನೂ ನೋಡದೆ ಅವರ ಮೇಲೆ ಕೂಗಾಡಿದೆ. ಈಗ ಬರೆದು ಕೊಟ್ಟರೆ ಏನು ಮಾಡಲಿ ಇದನ್ನು, ಎಲ್ಲಿ ಅಂಟಿಸಿಕೊಳ್ಳಲಿ ಎಂದು ಕೂಗಿದೆ. ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದರು. ಅಂಕಲ್ ಹೋದದ್ದು ಅದಾಗಿ ಒಂಬತ್ತು ದಿನಕ್ಕೆ. ನಿವೃತ್ತಿಗೆ ಎರಡು ತಿಂಗಳಿತ್ತು.

ಆ ಜಾಯಿಂಟ್ ಸೆಕ್ರೆಟರಿ ನೋಡಲು ಬಂದಿದ್ದರು. ಬಿಳಿ ಶಾಲು ಹೊದ್ದು, ಅಂಗಳದಲ್ಲಿ ನಿಂತವರಿಗೆಲ್ಲ ಹೇಳುತ್ತಿದ್ದರು: ನಾನು ಎಷ್ಟು ಹೇಳಿದೆ ಚುಚ್ಚಿಸಬೇಡಿ ಎಂದು, ಕೇಳಲಿಲ್ಲ, ನೋಡಿ, ಚುಚ್ಚಿಸಿ ವರ್ಷ ತುಂಬಲಿಲ್ಲ. ಜನ ತಲೆ ಅಲ್ಲಾಡಿಸಿದರು. ನಮ್ಮ ಅಪ್ಪ ಕೂಡ! ಭಾವಮೈದುನನ ಕಥೆಯ ಜೊತೆಗೆ ಇನ್ನೊಂದು ಕಥೆ ಸೇರಿತು ಅವರಿಗೆ. ಅಂಕಲ್‌ರನ್ನೇ ತೋರಿಸಿ ಇನ್ನೆಷ್ಟು ಜನರನ್ನು ಟೆಸ್ಟಿನಿಂದ ಹಿಂದೆ ಕಳಿಸಿದರೋ. ಅವತ್ತು ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ, ಅಳುತ್ತ ಒಳಗೆ ಹೋದೆ.

ಈಗ ನಾನು ಯಾರ ಜೊತೆಗೂ ವಾದ ಮಾಡುವುದಿಲ್ಲ. ಹೋದ ತಿಂಗಳು ನಮ್ಮ ಸೊಸೈಟಿಯ ಗೇಟಿನ ಹತ್ತಿರ ಬಟ್ಟೆ ಇಸ್ತ್ರಿ ಮಾಡುವ ಭಯ್ಯಾ ಕೆಳದುಟಿಯ ಒಳಗೆ ಬಿಳಿ ಆಗಿದೆ ಎಂದು ತೋರಿಸಿದರು. ಐವತ್ತು ದಾಟಿದ ಮನುಷ್ಯ, ಹೊಗೆಸೊಪ್ಪಿನ ಖೈನಿ ಇಡುವ ಜಾಗ. ಅವರ ಹಳ್ಳಿಯಲ್ಲೂ ಚುಚ್ಚಿದರೆ ಹರಡುತ್ತದೆ ಎಂದೇ ಹೇಳುತ್ತಾರಂತೆ. ನಾನು ಒಂದು ಚಿತ್ರವನ್ನೂ ಬರೆಯಲಿಲ್ಲ. ಅಲ್ಲೇ ನಿಂತು ಮೇಡಂಗೆ ಫೋನ್ ಹಚ್ಚಿ, ಬಡೀ ಡಾಕ್ಟರ್ ಸಾಬ್ ಎಂದು ಅವರ ಕಿವಿಗೆ ಹಿಡಿದೆ. ಮರುವಾರ ಚೂರು ತೆಗೆದರು. ಕೋಶಗಳು ಕೆಡಲು ಶುರುವಾಗಿದ್ದವು, ಪೊರೆ ದಾಟಿರಲಿಲ್ಲ. ಕಲೆ ಇದ್ದಷ್ಟು ಜಾಗವನ್ನು ಪೂರ್ತಿ ತೆಗೆದು ಕಳಿಸಿದರು. ಇನ್ನು ಖೈನಿ ಬಿಡಬೇಕು, ಆಗಾಗ ಬಂದು ತೋರಿಸಬೇಕು, ಅಷ್ಟೇ.

ಮೊನ್ನೆ ಬಟ್ಟೆ ತರಲು ಹೋದಾಗ ತುಟಿ ಮಡಿಸಿ ತೋರಿಸಿದರು. ಎರಡು ಹೊಲಿಗೆಯ ಗುರುತು. "ಬಸ್ ಇತನಾ ಹೀ ಥಾ, ದೀದಿ?" ಎಂದು ನಕ್ಕರು. ಇಷ್ಟೇನಾ ಎಂದು.

ಇಷ್ಟೇ ಭಯ್ಯಾ ಎಂದೆ. ಇಸ್ತ್ರಿ ಬಟ್ಟೆಯ ಗಂಟು ಎದೆಗೆ ಒತ್ತಿಕೊಂಡು ಲಿಫ್ಟಿನವರೆಗೆ ಹೇಗೋ ನಡೆದೆ, ಬಾಗಿಲು ಮುಚ್ಚಿಕೊಂಡ ಮೇಲೆ ಅಳು ತಡೆಯಲಾಗಲಿಲ್ಲ. ಇಷ್ಟೇ ಇತ್ತಲ್ಲ ಅಂಕಲ್... ಇಷ್ಟನ್ನು ನೀವೂ ಮಾಡಿಸಿಕೊಳ್ಳಲಿಲ್ಲ, ನಾನೂ ಮಾಡಿಸಲಿಲ್ಲ.